ಶೆಡ್ಡಿನಲ್ಲಿ ಮಲಗಿದ್ದ ಕಾರು

ಅಣ್ಣ ಕೊಟ್ಟ ಹಾಳೆಯಲ್ಲಿ ಹನ್ನೊಂದು ಸೂಚನೆಗಳಿದ್ದವು. ಹನ್ನೊಂದನ್ನೂ ಅವಳು ಚಾಚೂ ತಪ್ಪದೆ ಪಾಲಿಸಿದಳು. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಆಮೇಲೆ ಅವಳ ಶೆಡ್ಡಿನಲ್ಲೇ ನಿಂತುಕೊಂಡು ಬಾಯಿಗೆ ಬಂದಂತೆ ಮಾತಾಡಿದವರು ಆ ಹಾಳೆಯಲ್ಲಿ ಏನು ಬರೆದಿತ್ತು ಎಂದು ಒಂದು ಸಲವಾದರೂ ತೆಗೆದು ನೋಡಲಿಲ್ಲ.

ಇನ್ನೊಬ್ಬರದನ್ನು ಕೆಡದಂತೆ ಕಾಯುವುದೇ ಅವಳ ಉದ್ಯೋಗ. ದೊಡ್ಡಾಸ್ಪತ್ರೆಯ ರಕ್ತನಿಧಿಯ ಐದು ಫ್ರಿಡ್ಜುಗಳು ಹತ್ತೊಂಬತ್ತು ವರ್ಷದಿಂದ ಅವಳ ಸುಪರ್ದಿನಲ್ಲಿವೆ. ಎರಡು ಗಂಟೆಗೊಮ್ಮೆ ಉಷ್ಣತೆ ಓದಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಸಹಿ ಹಾಕಬೇಕು. ಆಸ್ಪತ್ರೆಯಲ್ಲಿ ಗೇಟಿನವನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವಳು ಫ್ರಿಡ್ಜಕ್ಕ. ಪ್ರತಿ ಫ್ರಿಡ್ಜಿನ ಬಾಗಿಲ ಮೇಲೂ ಅವಳು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಚೀಟಿಯಿದೆ: 'ಸುಮ್ಮನೆ ನೋಡಲು ತೆರೆಯಬೇಡಿ.' ಒಳಗೆ ಏನಿದೆ ಎಂದು ಸುಮ್ಮನೆ ನೋಡಲು ತೆರೆದ ಒಂದೊಂದು ಸಲಕ್ಕೂ ಒಳಗಿನ ತಂಪು ಒಂದಿಷ್ಟು ಹೊರಗೆ ಹೋಗುತ್ತದೆ. ಎಲುಬಿನ ಡಾಕ್ಟರು ಒಮ್ಮೆ ಮಾತಾಡುತ್ತ ಮಾತಾಡುತ್ತ ಬಾಗಿಲು ಹಿಡಿದುಕೊಂಡು ನಿಂತಿದ್ದಕ್ಕೆ, "ಅದು ನಿಮ್ಮನೆ ಕಿಟಕಿ ಅಲ್ಲ ಸಾರ್, ಮುಚ್ಚಿ," ಎಂದು ಎಲ್ಲರೆದುರು ಗದರಿದ್ದಳು. ಅವರು ಮುಚ್ಚಿದರು ಕೂಡ.

ಇಂಥವಳಿಗೆ ತವರಿನಲ್ಲಿ ಇಟ್ಟ ಹೆಸರು ಏನು ಗೊತ್ತೇ? ಜಾರುಗೈ! ಒಂಬತ್ತನೆಯ ವಯಸ್ಸಿನಲ್ಲಿ ಅಪ್ಪನ ಗೋಡೆ ಗಡಿಯಾರಕ್ಕೆ ಕೀಲಿ ಕೊಡಲು ಹೋಗಿ ಬೀಳಿಸಿದ್ದಳು. ಅದೊಂದೇ. ಜೀವಮಾನದಲ್ಲಿ ಇನ್ನೊಂದು ಲೋಟವನ್ನೂ ಒಡೆದವಳಲ್ಲ. ಆದರೂ ಇವತ್ತಿಗೂ ನಾಲ್ಕು ಜನ ಸೇರಿದಲ್ಲಿ ಅವಳು ಒಂದು ತಟ್ಟೆ ಎತ್ತಿಕೊಂಡರೆ ಸಾಕು, "ಹುಷಾರು, ಜಾರುಗೈ ಬಂದಳು," ಎಂದು ಅಣ್ಣ ನಗುತ್ತಾನೆ. ಅವನು ನಕ್ಕರೆ ಅತ್ತಿಗೆಯೂ ನಗುತ್ತಾಳೆ. ನಲವತ್ತು ವರ್ಷದ ಹಳೆಯ ಗಡಿಯಾರ, ಇನ್ನೂ ಬೀಳುತ್ತಲೇ ಇದೆ.

ಅಣ್ಣ ಹಡಗಿನಲ್ಲಿ ಎಂಜಿನಿಯರ್. ಈ ಸಲ ಏಳು ತಿಂಗಳ ಸುತ್ತು. ವಿದ್ಯುತ್ ಕಾರು ಕೊಂಡು ಎರಡು ವರ್ಷವಾಗಿತ್ತು, ಅತ್ತಿಗೆಗೆ ಓಡಿಸಲು ಬಾರದು. ಅವರ ಕಟ್ಟಡದಲ್ಲಿ ಕಾರು ನಿಲ್ಲಿಸುವ ಜಾಗ ಬಟಾಬಯಲು, ಮಧ್ಯಾಹ್ನದ ಬಿಸಿಲಿಗೆ ನೆಲ ಕಾದು ಕೆಂಡ. ಬ್ಯಾಟರಿಗೆ ಬಿಸಿಲು ಆಗದು. ಫ್ರಿಡ್ಜಕ್ಕನ ಮನೆಯ ಪಕ್ಕಕ್ಕೆ, ತೀರಿಕೊಂಡ ಗಂಡ ಕಟ್ಟಿಸಿದ ಒಂದು ಶೆಡ್ಡು ಇತ್ತು. ಎತ್ತರದ ಛಾವಣಿ, ದಪ್ಪ ಗೋಡೆ, ಒಳಗೆ ಕಾಲಿಟ್ಟರೆ ತಣ್ಣಗೆ. ಅವಳ ಸ್ಕೂಟರು ಅಲ್ಲಿ ನಿಲ್ಲುತ್ತಿತ್ತು. ಅಣ್ಣನ ಕಾರಿಗಾಗಿ ಆ ಸ್ಕೂಟರನ್ನು ಬೀದಿಯ ಬಿಸಿಲಿಗೆ ತಳ್ಳಿದಳು. ಏಳು ತಿಂಗಳಲ್ಲಿ ಅದರ ಸೀಟು ಸುಕ್ಕುಗಟ್ಟಿ ಸೀಳಿತು. ಅದರ ಬಗ್ಗೆ ಯಾರಾದರೂ ಒಂದು ಮಾತು ಕೇಳಿದರೇ? ಇಲ್ಲ.

ಅವಳು ಒಪ್ಪಿದ್ದಕ್ಕೆ ಕಾರಣ ಕಾರಲ್ಲ, ಅಮ್ಮ. ಅಮ್ಮ ಅಣ್ಣನ ಮನೆಯಲ್ಲಿದ್ದಳು. ಎರಡು ವರ್ಷದಿಂದ ಫ್ರಿಡ್ಜಕ್ಕ ಕೇಳುತ್ತಲೇ ಬಂದಿದ್ದಳು, ಅಮ್ಮ ನನ್ನ ಜೊತೆ ಇರಲಿ, ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿದೆ, ನನಗೂ ಒಂದು ಜೊತೆ. ಅಮ್ಮನಿಗೂ ಮನಸ್ಸಿತ್ತು. ಪ್ರತಿ ಸಲವೂ ಅಣ್ಣ ನಗೆಯಲ್ಲಿ ತೇಲಿಸಿಬಿಡುತ್ತಿದ್ದ. ಕಾರಿನ ಕೀಲಿ ಕೈಗಿಡುವಾಗಲೂ ಹಾಗೇ ಮಾಡಿದ.

"ಮೊದಲು ಕಾರು ಹಾಳಾಗದ ಹಾಗೆ ನೋಡ್ಕೋ. ಆಮೇಲೆ ಅಮ್ಮನ ವಿಷಯ ಮಾತಾಡೋಣ."

"ತಮಾಷೆನಾ, ನಿಜಾನಾ?"

"ಅರ್ಧ ತಮಾಷೆ," ಎಂದ.

ಉಳಿದ ಅರ್ಧವನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ಹಾಳೆಯ ಸೂಚನೆಗಳು ಅವಳಿಗೆ ಹಿಡಿಸಿದವು, ಫ್ರಿಡ್ಜಿನ ನಿಯಮಗಳಂತೆಯೇ ಇದ್ದವು. ದೊಡ್ಡ ಬ್ಯಾಟರಿ ಪೂರ್ತಿ ತುಂಬಬಾರದು, ಪೂರ್ತಿ ಬರಿದಾಗಲೂಬಾರದು, ಶೇಕಡಾ ಐವತ್ತರ ಆಸುಪಾಸಿನಲ್ಲಿರಬೇಕು. ತಂತಿ ಸಿಕ್ಕಿಸಿ ಬಿಡಬಾರದು. ಮೂವತ್ತಕ್ಕಿಂತ ಇಳಿದರೆ ಮಾತ್ರ ಐವತ್ತಕ್ಕೆ ಏರಿಸಬೇಕು. ನಿಂತ ಕಾರಿಗೆ ತಿಂಗಳಿಗೆ ಎರಡೋ ಮೂರೋ ಅಂಶ ಇಳಿಯುವುದು ಸಹಜ. ಚಕ್ರಗಳು ಒಂದೇ ಕಡೆ ಒತ್ತಿ ಚಪ್ಪಟೆಯಾಗದಂತೆ ಹದಿನೈದು ದಿನಕ್ಕೊಮ್ಮೆ ಒಂದು ಮಾರು ಮುಂದೆ, ಒಂದು ಮಾರು ಹಿಂದೆ. ಗಾಳಿ ಸ್ವಲ್ಪ ಹೆಚ್ಚಿರಲಿ. ಉಳಿದ ದಿನ ಮುಟ್ಟಬೇಡ, ಅದು ಮಲಗಿರಲಿ.

ಮೊದಲ ದಿನವೇ ಅವಳು ದೂಳು ಕೂರದಿರಲೆಂದು ಹಳೆಯ ಹತ್ತಿ ಹೊದಿಕೆಯೊಂದನ್ನು ಕಾರಿನ ಮೇಲೆ ಹೊದಿಸಿದಳು. ಒಂದು ಗಂಟೆಯೂ ಆಗಿರಲಿಲ್ಲ, ಅತ್ತಿಗೆಯ ಫೋನು ಬಂತು.

"ಹೊದಿಕೆ ಗಿದಿಕೆ ಹಾಕ್ಬೇಡ ಮಾರಾಯ್ತಿ. ಬಣ್ಣಕ್ಕೆ ಗೀರು ಬೀಳುತ್ತಂತೆ."

"ಹಾಳೇಲಿ ಹಾಗೆ ಬರೆದಿಲ್ಲವಲ್ಲ."

"ನಾನು ಹೇಳ್ತಿದ್ದೀನಲ್ಲ!"

ಸರಿ ಎಂದು ತೆಗೆದಳು. ಹೊದಿಸಿದ್ದು ಅತ್ತಿಗೆಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲ. ನೇರ ಮನಸ್ಸಿನವರಿಗೆ ಇಂಥವು ತಡವಾಗಿಯೇ ಹೊಳೆಯುತ್ತವೆ.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಶೆಡ್ಡಿನ ದೀಪ ಹಾಕಿ ಒಂದು ಸುತ್ತು ಬರುವುದು ಅವಳ ರೂಢಿಯಾಯಿತು. ಹೆಬ್ಬೆರಳಿನಿಂದ ಚಕ್ರ ಒತ್ತಿ ನೋಡುವಳು, ಇಲಿ ಬಂದಿದೆಯೇ ಎಂದು ಬಗ್ಗಿ ಹುಡುಕುವಳು. ಆಮೇಲೆ ಕಾರಿನ ಮುಂದೆ ನಿಂತು ಮಾತಾಡುವಳು. ನಗಬೇಡಿ. ಗಂಡ ಹೋಗಿ ಆರು ವರ್ಷ, ಆ ಮನೆಯಲ್ಲಿ ಮಾತಿಗೆ ಯಾರಿದ್ದರು? "ಏನಪ್ಪಾ, ಚೆನ್ನಾಗಿ ನಿದ್ದೆ ಬಂತಾ? ನಿನ್ನ ಪುಣ್ಯ. ನಿನ್ನೆ ಆ ಎಲುಬಿನ ಡಾಕ್ಟರು ಮತ್ತೆ ಬಂದಿದ್ರು ಕಣೋ," ಎಂದು ಶುರುವಾದರೆ ಹತ್ತು ನಿಮಿಷ ಹೋಗುತ್ತಿತ್ತು. ಕೈ ತಿರುಗಿಸಿ, ಹುಬ್ಬು ಹಾರಿಸಿ, ಡಾಕ್ಟರ ನಡಿಗೆಯನ್ನೂ ಅಣಕಿಸಿ ತೋರಿಸುವಳು. ಮೂರನೆಯ ತಿಂಗಳಲ್ಲಿ ಅಮ್ಮನಿಗೆಂದು ಒಂದು ಮಂಚ ತಂದು, ಅಲ್ಲೇ ಬಾಗಿಲ ಬಳಿ, ಕಾರಿಗೆ ಒಂದು ಹನಿಯೂ ಸಿಡಿಯದಷ್ಟು ದೂರದಲ್ಲಿಟ್ಟು ನೀಲಿ ಬಣ್ಣ ಹೊಡೆದಳು. "ಕಿಟಕಿ ಪಕ್ಕಕ್ಕೆ ಹಾಕ್ತೀನಿ. ಅಮ್ಮನಿಗೆ ಕೂತ್ಕೊಂಡೇ ಬೀದಿ ಕಾಣ್ಬೇಕು," ಎಂದು ಕಾರಿಗೆ ವಿವರಿಸಿದಳು.

ಅಮ್ಮನಿಗೇ ಇದನ್ನೆಲ್ಲ ಹೇಳಬಹುದಿತ್ತಲ್ಲ ಎನ್ನಬಹುದು. ಹೇಳುವುದು ಹೇಗೆ? ಅಮ್ಮನ ಕಿವಿ ಮಂದವಾಗಿ ಬಹಳ ಕಾಲವಾಗಿತ್ತು. ಫೋನಿನಲ್ಲಿ ಏನು ಹೇಳಿದರೂ "ಊಟ ಆಯ್ತು, ಊಟ ಆಯ್ತು" ಎನ್ನುತ್ತಿದ್ದಳು. ಎದುರಿಗೆ ಕೂತು ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಕೇಳುತ್ತಿತ್ತು, ಆದರೆ ಹಾಗೆ ಹೇಳಿದ ಗುಟ್ಟು ಅಕ್ಕಪಕ್ಕದ ಮೂರು ಮನೆಗೆ ಕೇಳುತ್ತಿತ್ತು. ಭಾನುವಾರ ಭಾನುವಾರ ಅವಳು ಹೋಗಿ ಬರುತ್ತಿದ್ದಳು. ಅತ್ತಿಗೆ ಇಬ್ಬರ ನಡುವೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಅಮ್ಮನಿಗೆ ಕೇಳಿದ್ದಕ್ಕೂ ಅತ್ತಿಗೆಯದೇ ಉತ್ತರ. ಕೆಲಸದ ದಿನಗಳಲ್ಲಿ ಪಾಳಿ ಮುಗಿಯುವ ಹೊತ್ತಿಗೆ ಅಮ್ಮ ಮಲಗಿರುತ್ತಿದ್ದಳು. ಎರಡು ಮನೆಗೂ ನಡುವೆ ಎಂಟು ಕಿಲೋಮೀಟರು. ಅಮ್ಮನನ್ನು ಒಂದು ದಿನ ಇಲ್ಲಿಗೆ ಕರೆತನ್ನಿ ಎಂದರೆ, "ಅವರಿಗೆ ಓಡಾಟ ಆಗಲ್ಲ," ಎಂದು ಅತ್ತಿಗೆ ಮುಗಿಸಿಬಿಡುತ್ತಿದ್ದಳು.

ಮೊದಲ ಹದಿನೈದು ದಿನ ಕಳೆದು ಕಾರನ್ನು ಒಂದು ಮಾರು ಸರಿಸಲು ಕೂತಾಗ ಐವತ್ತಿದ್ದ ಚಾರ್ಜು ನಲವತ್ತಕ್ಕೆ ಬಂದಿತ್ತು. ಫ್ರಿಡ್ಜಕ್ಕ ಆ ಅಂಕಿಯನ್ನು ಎರಡೆರಡು ಸಲ ಓದಿದಳು. ಮುಂದಿನ ಹದಿನೈದು ದಿನಕ್ಕೆ ಇಪ್ಪತ್ತೆಂಟು. ತಿಂಗಳಿಗೆ ಮೂರು ಇಳಿಯಬೇಕಾದಲ್ಲಿ ಇಪ್ಪತ್ತೆರಡು! ಕಾರು ಬಂದ ದಿನವೇ ಅವಳು ಒಂದು ರಿಜಿಸ್ಟರಿಗೆ ಗೆರೆ ಎಳೆದಿಟ್ಟಿದ್ದಳು. ತಾರೀಖು, ಚಾರ್ಜು, ಕಾರು ಓಡಿದ ಒಟ್ಟು ಕಿಲೋಮೀಟರು, ಚಕ್ರದ ಗಾಳಿ, ಸಹಿ. ಆಸ್ಪತ್ರೆಯಲ್ಲಿ ಮಾಡುವುದನ್ನೇ ಇಲ್ಲೂ ಮಾಡುತ್ತಿದ್ದಳು. ಅಣ್ಣನ ಹಡಗು ಬಂದರಿಗೆ ಬಂದ ದಿನ ಫೋನು ಹಚ್ಚಿದಳು.

"ಅಣ್ಣಾ, ಕಾರಲ್ಲಿ ಏನೋ ತೊಂದರೆ ಇದೆ. ನಿಂತಲ್ಲೇ ಚಾರ್ಜ್ ಸೋರಿ ಹೋಗ್ತಿದೆ."

"ಹಾಗೆಲ್ಲ ಸೋರಲ್ಲ ಅದು." ಆಮೇಲೆ ನಗುತ್ತ ಕೇಳಿದ. "ನೀನೇನು ಓಡಿಸ್ತಿಲ್ಲ ತಾನೆ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ನನಗೆ ಕಾರು ಓಡಿಸೋ ಚಪಲ ಇದ್ದಿದ್ರೆ ಕೇಳಿ ಓಡಿಸ್ತಿದ್ದೆ. ಕದ್ದು ಓಡಿಸೋ ಕರ್ಮ ನನಗೇನಿದೆ?"

"ಅಯ್ಯೋ, ತಮಾಷೆಗೆ ಅಂದೆ ಕಣೇ."

ಈ ತಮಾಷೆಗಳಲ್ಲಿ ಯಾವುದೂ ಪೂರ್ತಿ ತಮಾಷೆಯಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹಾಳೆಯಲ್ಲಿದ್ದಂತೆ ಐವತ್ತಕ್ಕೆ ಏರಿಸಿದಳು. ಅದು ಮತ್ತೆ ಇಳಿಯಿತು. ಮತ್ತೆ ಏರಿಸಿದಳು. ಏಳು ತಿಂಗಳೂ ಇದೇ ಹಾಡಾಯಿತು.

ಅಣ್ಣ ಮರಳಿದ ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಡಿಗೆ ಕಾರೊಂದರಲ್ಲಿ ಮೂವರೂ ಬಂದಿಳಿದರು, ಅಣ್ಣ, ಅತ್ತಿಗೆ, ಅಮ್ಮ. ಅಮ್ಮನನ್ನು ಕರೆತರಲೇಬೇಕೆಂದು ಫ್ರಿಡ್ಜಕ್ಕ ಹಟ ಹಿಡಿದಿದ್ದಳು. ರಜೆ ಹಾಕಿ, ಕೋಣೆ ಗುಡಿಸಿ, ಮಂಚಕ್ಕೆ ಹೊಸ ಹಾಸಿಗೆ ಹಾಸಿ, ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಸರಳು ಹಾಕಿಸಿ ಎಲ್ಲ ಸಜ್ಜು ಮಾಡಿದ್ದಳು. ಕಾರು ಒಪ್ಪಿಸುವುದು, ಅಮ್ಮನನ್ನು ಉಳಿಸಿಕೊಳ್ಳುವುದು. ಅಷ್ಟೇ ಅವಳ ಲೆಕ್ಕ.

ಅಮ್ಮ ಶೆಡ್ಡಿನ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಳು. ಅತ್ತಿಗೆ ಅವಳಿಗೆ ಕೊಡಿಸಿದ್ದ ಟ್ಯಾಬ್ ಮಡಿಲಲ್ಲಿತ್ತು. ಕಣ್ಣರಳಿಸಿ ಒಳಗೆಲ್ಲ ನೋಡಿ, ಮಗಳ ಕಡೆ ತಿರುಗಿ, ನಕ್ಕಳು. ಅಣ್ಣ ಕೀಲಿಯ ಗುಂಡಿ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಕಾರು ಕಲ್ಲಿನಂತೆ ನಿಂತಿತ್ತು. ದೀಪ ಮಿಣುಕಲಿಲ್ಲ, ಬಾಗಿಲು ತೆರೆಯಲಿಲ್ಲ. ಅವನು ಫೋನಿನ ಆ್ಯಪ್ ತೆಗೆದು ನೋಡಿದ, ಸಂಪರ್ಕವೇ ಇಲ್ಲ.

"ಮೊನ್ನೆ ಗುರುವಾರ ಸರಿಯಾಗಿತ್ತು. ಚಾರ್ಜ್ ನಲವತ್ತೇಳು. ಬರೆದಿಟ್ಟಿದ್ದೀನಿ ನೋಡು," ಎಂದು ಫ್ರಿಡ್ಜಕ್ಕ ರಿಜಿಸ್ಟರು ಚಾಚಿದಳು.

ಅಣ್ಣ ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಇರ್ಲಿ ಬಿಡು. ಜಾರುಗೈಗೆ ಕೊಟ್ಟಿದ್ದು ನನ್ನದೇ ತಪ್ಪು," ಎಂದು ಮೆಕ್ಯಾನಿಕ್‌ಗೆ ಫೋನು ಮಾಡಲು ಆ ಕಡೆ ತಿರುಗಿದ.

ಅತ್ತಿಗೆ ಇಷ್ಟು ದಿನ ಕಾದದ್ದು ಇದಕ್ಕೇ ಎನ್ನುವ ಹಾಗೆ ಸೊಂಟಕ್ಕೆ ಕೈಯಿಟ್ಟಳು. "ನಾನು ಹೇಳ್ಲಿಲ್ವಾ? ಐವತ್ತಿರುತ್ತೆ, ನಾಲ್ಕು ದಿನಕ್ಕೆ ನಲವತ್ತೇಳು, ಮತ್ತೆ ನಾಲ್ಕು ದಿನಕ್ಕೆ ನಲವತ್ನಾಲ್ಕು. ಆಮೇಲೆ ಇದ್ದಕ್ಕಿದ್ದ ಹಾಗೆ ಮತ್ತೆ ಐವತ್ತು! ಓಡಿಸೋದು, ಗೊತ್ತಾಗ್ಬಾರ್ದು ಅಂತ ತುಂಬಿಸಿಡೋದು. ನಮಗೇನು ತಿಳಿಯಲ್ವಾ?"

"ಅತ್ತಿಗೆ, ನಾಲಿಗೆ ಮೇಲೆ ಹಿಡಿತ ಇರ್ಲಿ. ಈ ಕಾರು ಈ ಬಾಗಿಲು ದಾಟಿಲ್ಲ."

"ನಾನು ನೋಡಿದಾಗೆಲ್ಲ ಶೆಡ್ಡಲ್ಲೇ ಇರ್ತಿತ್ತು, ಒಪ್ಕೊಂಡೆ. ನೋಡದೇ ಇದ್ದಾಗ ತಾನೇ ಓಡಿಸೋದು? ಹೋಗ್ಲಿ, ಇಷ್ಟು ಬೆಲೆಬಾಳೋ ಕಾರಿನ ನೆತ್ತಿ ಮೇಲೆ ಹಗ್ಗ ಕಟ್ಟಿ ಒದ್ದೆ ಬೆಡ್‌ಶೀಟ್ ಒಣಗಿಸ್ತಾರಾ ಯಾರಾದ್ರೂ? ಬಾನೆಟ್ ಮೇಲೆ ತೊಟ್ ತೊಟ್ ಅಂತ ನೀರು ಬೀಳ್ತಿತ್ತು."

ಫ್ರಿಡ್ಜಕ್ಕ ಕಾರಿನ ಬಾನೆಟ್ ನೋಡಿದಳು. ಹೌದು, ಐದನೆಯ ತಿಂಗಳಲ್ಲಿ ಒಂದು ದಿನ ಮಳೆ ಹಿಡಿದಿತ್ತು. ಎರಡೇ ಎರಡು ಬೆಡ್‌ಶೀಟು ಒಳಗೆ ಹಾಕಿದ್ದಳು. ಬಾನೆಟ್ ಮೇಲೆ ಹನಿ ಬಿದ್ದದ್ದು ಕಂಡು ಕೂಡಲೇ ತೆಗೆದು, ಒಣ ಬಟ್ಟೆಯಿಂದ ಒರೆಸಿದ್ದಳು. ಶೆಡ್ಡಿನ ಬಾಗಿಲು ಹಾಕಿತ್ತು. ಒಳಗೆ ಇದ್ದದ್ದು ಅವಳು ಮತ್ತು ಕಾರು.

"ಅತ್ತಿಗೆ, ಏಳು ತಿಂಗಳಲ್ಲಿ ನೀವು ಈ ಮನೆಗೆ ಒಂದು ಸಲ ಬಂದಿಲ್ಲ," ಎಂದಳು ನಿಧಾನವಾಗಿ. "ಬೆಡ್‌ಶೀಟ್ ನಿಮಗೆ ಹೇಗೆ ಕಾಣಿಸ್ತು?"

ಅತ್ತಿಗೆ ಸೊಂಟದ ಮೇಲಿನ ಕೈ ಇಳಿಸಿದಳು. ಅಣ್ಣ ತನ್ನ ಬೂಟು ನೋಡಿಕೊಂಡ. ಹೊದಿಕೆ ಹಾಕಿದ ಒಂದು ಗಂಟೆಯೊಳಗೆ ಬಂದ ಆ ಫೋನು ಆಗ ಅವಳಿಗೆ ನೆನಪಾಯಿತು. ಕಾರಿನ ಮುಂದಿನ ಗಾಜಿನ ಒಳಗೆ, ಕನ್ನಡಿಯ ಹಿಂದೆ, ಬಟಾಣಿ ಕಾಳಿನಷ್ಟು ಕಪ್ಪು ಗಾಜೊಂದಿತ್ತು. ಮಳೆ ಬಂದರೆ ತಿಳಿಯುವ ಸಾಧನವೋ ಏನೋ ಎಂದುಕೊಂಡು ದಿನಾ ಅದರ ಎದುರಿಗೇ ನಿಂತು ಅವಳು ಡಾಕ್ಟರ ನಡಿಗೆ ಅಣಕಿಸಿದ್ದಳು.

"ಕ್ಯಾಮೆರಾ," ಎಂದಳು. "ಅದರಲ್ಲಿ ನನ್ನ ನೋಡ್ತಿದ್ರಾ?"

"ನಿನ್ನ ನೋಡೋಕೆ ಯಾರಿಗೆ ಬಿಡುವಿದೆ? ಕಾರನ್ನ ನೋಡ್ತಿದ್ವಿ," ಎಂದಳು ಅತ್ತಿಗೆ.

"ಕಾರಿನ ಕಣ್ಣಿಗೆ ಕಾರು ಕಾಣುತ್ತಾ? ಅದರ ಎದುರಿಗೆ ನಿಂತವಳು ಕಾಣ್ತಾಳೆ!"

"ಒಂದು ಸೇಫ್ಟಿಗೆ ಅಂತ ಅಷ್ಟೇ ಕಣೇ," ಎಂದು ಅಣ್ಣ ಗೊಣಗಿದ. "ಆ್ಯಪ್ ಇವಳ ಫೋನಿಗೂ ಹಾಕ್ಕೊಟ್ಟಿದ್ದೆ."

"ನನಗೆ ಹೇಳಿದ್ಯಾ?"

ಅವನು ಹೇಳಿರಲಿಲ್ಲ. ಹೇಳಬೇಕೆಂದು ಅವನಿಗೆ ಅನಿಸಿಯೂ ಇರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂದದ್ದು. ಹತ್ತೊಂಬತ್ತು ವರ್ಷದಿಂದ ಯಾರ್ಯಾರದೋ ಜೀವ ಉಳಿಸುವ ರಕ್ತವನ್ನು ಅವಳ ಕೈಗೆ ಕೊಟ್ಟು ನಿಶ್ಚಿಂತೆಯಾಗಿ ಮನೆಗೆ ಹೋಗುತ್ತಾರೆ ಡಾಕ್ಟರುಗಳು. ಒಡಹುಟ್ಟಿದವನು ನಾಲ್ಕು ಚಕ್ರದ ತಗಡಿನ ಡಬ್ಬಿ ಕೊಟ್ಟು ಅದರೊಳಗೊಂದು ಕಾವಲಿಟ್ಟು ಹೋಗಿದ್ದ. ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಿದ್ದಳು, ಅಷ್ಟರಲ್ಲಿ ಮೆಕ್ಯಾನಿಕ್ ಬಂದ.

ಅವನು ಮಂಡಿಗೆ ರಬ್ಬರು ಪಟ್ಟಿ ಕಟ್ಟಿಕೊಂಡ, ನಡುವಯಸ್ಸಿನ, ಅವಸರವಿಲ್ಲದ ಮನುಷ್ಯ. ಮನೆಯವರ ಮುಖಗಳನ್ನು ನೋಡಿಯೇ ಇದು ಕಾರಿಗಿಂತ ದೊಡ್ಡ ರಿಪೇರಿ ಎಂದು ಅರ್ಥ ಮಾಡಿಕೊಂಡು, ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕೂತ. ಕೈಕೀಲಿಯಿಂದ ಬಾಗಿಲು ತೆಗೆದು, ತಂದಿದ್ದ ಪೆಟ್ಟಿಗೆಯಿಂದ ಎರಡು ತಂತಿ ಜೋಡಿಸಿದ. ಕಾರು ಕಣ್ಣು ಬಿಟ್ಟಿತು.

"ದೊಡ್ಡ ಬ್ಯಾಟರಿ ಗುಂಡುಕಲ್ಲಿನ ಹಾಗಿದೆ, ಚಾರ್ಜ್ ನಲವತ್ತಾರು," ಎಂದ. "ಸತ್ತಿರೋದು ಚಿಕ್ಕ ಬ್ಯಾಟರಿ. ಬೀಗ, ದೀಪ, ಫೋನಿನ ಸಂಪರ್ಕ ಎಲ್ಲ ನಡೆಸೋದು ಅದೇ. ಅದು ಸತ್ರೆ ದೊಡ್ಡದು ತುಂಬಿದ್ರೂ ಬಾಗಿಲು ತೆಗೆಯಲ್ಲ."

"ಓಡಿಸಿ ಓಡಿಸಿ ಹಾಳಾಗಿದ್ಯಾ?" ಎಂದು ಕೇಳಿದಳು ಅತ್ತಿಗೆ.

ಮೆಕ್ಯಾನಿಕ್ ಪರದೆ ನೋಡಿದ. "ಓಡಿಸೋದಾ? ಒಟ್ಟು ಹದಿನೆಂಟು ಸಾವಿರದ ಇನ್ನೂರ ನಲವತ್ತಾರು ಕಿಲೋಮೀಟರ್ ತೋರಿಸ್ತಿದೆ. ನಿಲ್ಲಿಸಿದಾಗ ಎಷ್ಟಿತ್ತು?"

ಯಾರಿಗೂ ಗೊತ್ತಿರಲಿಲ್ಲ. ಚಾರ್ಜು ನೋಡಿದ್ದರು, ಕ್ಯಾಮೆರಾ ನೋಡಿದ್ದರು, ಬೆಡ್‌ಶೀಟು ನೋಡಿದ್ದರು. ಕಿಲೋಮೀಟರು ನೋಡುವ ಬುದ್ಧಿ ಇಬ್ಬರಿಗೂ ಬಂದಿರಲಿಲ್ಲ. ಫ್ರಿಡ್ಜಕ್ಕ ರಿಜಿಸ್ಟರಿನ ಮೊದಲ ಸಾಲು ತೆಗೆದು ಮೆಕ್ಯಾನಿಕ್‌ನ ಮೂಗಿನ ಕೆಳಗೆ ಹಿಡಿದಳು. ಹದಿನೆಂಟು ಸಾವಿರದ ಇನ್ನೂರ ನಲವತ್ತಾರು. ಅದರ ಕೆಳಗಿನ ಪ್ರತಿ ಸಾಲಿನಲ್ಲೂ ಅದೇ ಅಂಕಿ, ಅದೇ ಸಹಿ. ಅವನು ಪುಟ ತಿರುವಿ ತಿರುವಿ ನೋಡಿದ.

"ನನ್ನ ಸರ್ವಿಸಲ್ಲಿ ಇಷ್ಟು ಚೆನ್ನಾಗಿ ಯಾರೂ ಕಾರು ಇಟ್ಟಿದ್ದು ನೋಡಿಲ್ಲ ಮೇಡಂ," ಎಂದ.

ನಲವತ್ತು ವರ್ಷಕ್ಕೆ ಈ ಶೆಡ್ಡಿನಲ್ಲಿ, ಗುರುತಿಲ್ಲದವನೊಬ್ಬನ ಬಾಯಿಂದ ಬರಬೇಕಾಯಿತು ಈ ಮಾತು.

"ಮತ್ತೆ ಚಾರ್ಜ್ ಯಾಕೆ ಇಳೀತಿತ್ತು?" ಅಣ್ಣ ಕೇಳಿದ.

ಮೆಕ್ಯಾನಿಕ್ ತನ್ನ ಯಂತ್ರವನ್ನು ಕಾರಿಗೆ ಸಿಕ್ಕಿಸಿ ಒಂದು ಪಟ್ಟಿ ತೆಗೆದ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು. "ನಿಂತಿರೋ ಕಾರು ನಿದ್ದೆ ಮಾಡ್ತಿರುತ್ತೆ ಸಾರ್. ನೀವು ಆ್ಯಪ್ ಒತ್ತಿದ್ರೆ ಅದು ಎದ್ದು ಕೂರುತ್ತೆ. ಕ್ಯಾಮೆರಾ ತೋರಿಸಿ, ಚಾರ್ಜ್ ಹೇಳಿ, ಮತ್ತೆ ಮಲಗೋಕೆ ಕಾಲು ಗಂಟೆ ಬೇಕು. ಇದನ್ನ ಏಳು ತಿಂಗಳಲ್ಲಿ ಎಂಟು ಸಾವಿರದ ಚಿಲ್ಲರೆ ಸಲ ಎಬ್ಬಿಸಿದ್ದಾರೆ. ಇದು ನಿದ್ದೆನೇ ಮಾಡಿಲ್ಲ. ಅದಕ್ಕೇ ದೊಡ್ಡದು ಇಳೀತಿತ್ತು, ಚಿಕ್ಕದು ಸತ್ತೇ ಹೋಯ್ತು."

ಫ್ರಿಡ್ಜಕ್ಕ ಗೋಡೆಗೆ ಒರಗಿದಳು. ಸುಮ್ಮನೆ ನೋಡಲು ತೆರೆಯಬೇಡಿ! ಐದು ಬಾಗಿಲಿಗೆ ಐದು ಚೀಟಿ ಅಂಟಿಸಿದವಳು ಆರನೆಯದಕ್ಕೆ ಅಂಟಿಸಿರಲಿಲ್ಲ. ನೋಡಿದಷ್ಟೂ ಇಳಿಯಿತು. ಇಳಿದಷ್ಟೂ ಇವಳೇ ಓಡಿಸುತ್ತಿದ್ದಾಳೆ ಎಂದು ಅತ್ತಿಗೆ ಇನ್ನಷ್ಟು ನೋಡಿದಳು.

"ಎಂಟು ಸಾವಿರ ನಾನು ನೋಡೇ ಇಲ್ಲ!" ಅತ್ತಿಗೆ ಕೂಗಿದಳು. "ದಿನಕ್ಕೆ ಏಳೋ ಎಂಟೋ, ಹೆಚ್ಚಂದ್ರೆ ಹತ್ತು ಸಲ."

ದಿನಕ್ಕೆ ಹತ್ತು ಸಲ ನೋಡುವುದನ್ನು ಅವಳು ಕಡಿಮೆಯೆಂದು ಹೇಳಿಕೊಂಡಳು.

"ಎರಡು ಕಡೆಯಿಂದ ಎಬ್ಬಿಸಿದ್ದಾರೆ," ಮೆಕ್ಯಾನಿಕ್ ಬೆರಳಿಟ್ಟು ಓದಿದ. "ಒಂದು ಫೋನು, ಅದರಿಂದ ಸಾವಿರದ ಒಂಬೈನೂರು ಸಲ. ಇನ್ನೊಂದು ಟ್ಯಾಬ್. ಉಳಿದ ಆರು ಸಾವಿರ ಚಿಲ್ಲರೆ ಅದರದ್ದು."

ಎಲ್ಲರೂ ಬಾಗಿಲಲ್ಲಿ ಕೂತಿದ್ದ ಅಮ್ಮನ ಮಡಿಲಿನ ಕಡೆ ತಿರುಗಿದರು.

ಅತ್ತಿಗೆಯ ಮುಖಕ್ಕೆ ಮತ್ತೆ ರಕ್ತ ಬಂತು. "ಅದನ್ನ ಅತ್ತೆಗೆ ಕೊಟ್ಟವಳು ನಾನೇ. ನೀವೂ ಒಂದು ಕಣ್ಣಿಟ್ಟಿರಿ ಅಂತ ಹೇಗೆ ಒತ್ತೋದು ಅಂತ ಕಲಿಸಿದ್ದೆ. ಅವರು ಹೀಗೆ ಮಗು ಥರ ಒತ್ಕೊಂಡೇ ಕೂರ್ತಾರೆ ಅಂತ ನನಗೇನು ಗೊತ್ತು? ಹಾಗಾದ್ರೆ ಕಾರು ಕೆಡಿಸಿದ್ದು ಅತ್ತೆನೇ!"

ಅಮ್ಮನಿಗೆ ಮಾತು ಕೇಳಿಸಿರಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದುದು ಕಂಡು ಟ್ಯಾಬನ್ನು ಎದೆಗೆ ಅವಚಿಕೊಂಡಳು. "ಏನಾಯ್ತು? ಕಾರು ತಗೊಂಡು ಹೋಗ್ತೀರಾ?" ಎಂದು ಮಗನನ್ನು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ.

"ಹಾಗಾದ್ರೆ ನಾಳೆಯಿಂದ ಇವಳನ್ನ ನಾನು ಎಲ್ಲಿ ನೋಡ್ಲಿ?"

ಮೆಕ್ಯಾನಿಕ್ ತಂತಿ ಸುತ್ತುವುದನ್ನು ನಿಲ್ಲಿಸಿದ. ಫ್ರಿಡ್ಜಕ್ಕ ಅಮ್ಮನ ಕುರ್ಚಿಯ ಮುಂದೆ ಮಂಡಿಯೂರಿ ಕಿವಿಯ ಹತ್ತಿರ ಬಾಯಿ ತಂದಳು. "ನನ್ನನ್ನ ನೋಡೋಕೆ ಒತ್ತುತ್ತಿದ್ಯಾ ಅಮ್ಮಾ?"

"ಮತ್ತೆ? ನೀನು ದಿನಾ ಬೆಳಿಗ್ಗೆ ದೀಪ ಹಾಕ್ಕೊಂಡು ಬಂದು ನನ್ನ ಹತ್ರ ಮಾತಾಡ್ತಿದ್ದೆಯಲ್ಲ. ಕೇಳಿಸ್ತಿರಲಿಲ್ಲ ಪುಟ್ಟಿ, ಆದ್ರೂ ಹೂಂ ಅಂತಿದ್ದೆ. ಎಷ್ಟು ನಗಿಸ್ತಿದ್ದೆ, ಯಾರದೋ ನಡಿಗೆ ಮಾಡಿ ತೋರಿಸಿ. ನಾನೂ ನನ್ನದೆಲ್ಲ ಹೇಳ್ತಿದ್ದೆ." ಅಮ್ಮ ಟ್ಯಾಬಿನ ಪರದೆಯನ್ನು ಬೆರಳಿನಿಂದ ಒರೆಸಿದಳು. "ಕೆಲವು ಸಲ ಕತ್ತಲೆ ಇರ್ತಿತ್ತು. ಬರ್ತೀಯೇನೋ ಅಂತ ಮತ್ತೆ ಒತ್ತುತ್ತಿದ್ದೆ. ನೀನು ಬರೋ ತನಕ ಒತ್ತುತ್ತಿದ್ದೆ."

ಫ್ರಿಡ್ಜಕ್ಕ ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿಯಿತ್ತು.

"ಎಂಟು ಕಿಲೋಮೀಟರ್, ಅಣ್ಣಾ! ಎಂಟೇ ಎಂಟು! ನಿನ್ನ ಹೆಂಡತಿಗೆ ಈ ಶೆಡ್ಡು ದಿನಕ್ಕೆ ಹತ್ತು ಸಲ ನೋಡೋಕೆ ಪುರುಸೊತ್ತಿತ್ತು. ಅಮ್ಮನ್ನ ಒಂದು ಸಲ ಕರ್ಕೊಂಡು ಬರೋಕೆ ಇರ್ಲಿಲ್ಲ. ಹೆತ್ತ ಮಗಳ ಮುಖ ಕಾಣೋಕೆ ಈ ಜೀವ ಆರು ಸಾವಿರ ಸಲ ಗಾಜು ಒತ್ಕೊಂಡು ಕೂತಿತ್ತು, ಅದೂ ಕಳ್ಳಿ ಕಾಯೋ ಕ್ಯಾಮೆರಾದಲ್ಲಿ. ಅಮ್ಮ ಕೆಡಿಸಿದ್ಲಂತೆ! ನಾಚಿಕೆ ಆಗಲ್ವಾ ಹೇಳೋಕೆ? ನನ್ನ ಮೇಲೆ ಕಾವಲು ಹಾಕಿದ್ರಿ, ಹೋಗ್ಲಿ, ಅದನ್ನ ಹೊಟ್ಟೆಗೆ ಹಾಕ್ಕೊಂಡೇನು. ಇದನ್ನ ಹಾಕ್ಕೊಳಲ್ಲ."

"ನೋಡು, ಅಷ್ಟೊಂದು..." ಎಂದು ಅಣ್ಣ ಶುರುಮಾಡಿದ.

"ಮೊದಲು ಕಾರು, ಆಮೇಲೆ ಅಮ್ಮನ ವಿಷಯ ಅಂದಿದ್ದೆ. ಕಾರು ಇಲ್ಲಿದೆ. ಚಕ್ರ ಚಪ್ಪಟೆಯಾಗಿಲ್ಲ, ಬಣ್ಣಕ್ಕೆ ಗೀರಿಲ್ಲ, ಒಂದು ಕಿಲೋಮೀಟರು ಹೆಚ್ಚಾಗಿಲ್ಲ. ಇವರೇ ಸಾಕ್ಷಿ." ಅವಳು ಬೆಟ್ಟು ಮಾಡಿದ ಕಡೆ ಮೆಕ್ಯಾನಿಕ್ ಗಂಭೀರವಾಗಿ ತಲೆದೂಗಿದ. "ಚಿಕ್ಕ ಬ್ಯಾಟರಿ ಹೊಸದು ಹಾಕಿಸ್ಕೊಂಡು ತಗೊಂಡು ಹೋಗು. ಅಮ್ಮ ಇಲ್ಲೇ ಇರ್ತಾಳೆ. ಬಟ್ಟೆ ಔಷಧಿ ಸಂಜೆಯೊಳಗೆ ತಂದುಕೊಡಿ. ಇನ್ನೊಂದು, ಆ ಹಾಳು ಹೆಸರು ಇನ್ಮೇಲೆ ನನ್ನ ಕಿವಿಗೆ ಬೀಳ್ಬಾರ್ದು."

ಅಣ್ಣ ಕಾರನ್ನು ನೋಡಿದ, ಅಮ್ಮನನ್ನು ನೋಡಿದ. ಹೆಂಡತಿ ತೋಳು ಚಿವುಟುತ್ತಿದ್ದುದನ್ನು ಲೆಕ್ಕಿಸದೆ ಕೈಚಾಚಿ ರಿಜಿಸ್ಟರು ತೆಗೆದುಕೊಂಡ. ಮೊದಲ ಪುಟ ತೆರೆದು ತಾರೀಖು, ಅಂಕಿ, ಸಹಿ ಎಂದು ಒಂದೊಂದೇ ಸಾಲು ಓದಿದ. ಓದಿ ಮುಗಿಸಿ ತಲೆ ತಗ್ಗಿಸಿದ.

"ಸರಿ," ಎಂದ. "ಸಂಜೆ ತರ್ತೀನಿ."

ಇಷ್ಟು ಹೊತ್ತೂ ಅಮ್ಮನ ಕಣ್ಣು ಶೆಡ್ಡಿನ ಬಾಗಿಲ ಪಕ್ಕದ ಖಾಲಿ ಜಾಗದ ಮೇಲಿತ್ತು. ನೆಲದ ಮೇಲೆ ನಾಲ್ಕು ಸಣ್ಣ ನೀಲಿ ಕಲೆಗಳಿದ್ದವು. ಅವಳು ಟ್ಯಾಬನ್ನು ಕುರ್ಚಿಯ ಮೇಲೆ ಬಿಟ್ಟು, ಮಗಳ ಕೈ ಹಿಡಿದು ಎದ್ದಳು.

"ಇಲ್ಲೊಂದು ಮಂಚ ಇತ್ತಲ್ಲೇ, ನೀನು ಬಣ್ಣ ಹೊಡೀತಿದ್ದೆ. ಅದು ನನಗೇ ತಾನೆ?"

ಫ್ರಿಡ್ಜಕ್ಕ ಹೌದೆಂದು ತಲೆಯಾಡಿಸಿದಳು.

"ಒಣಗಿತಾ?"

"ಒಣಗಿ ನಾಲ್ಕು ತಿಂಗಳಾಯ್ತಮ್ಮಾ!" ಎಂದು ಅವಳು ಅಮ್ಮನ ಕಿವಿಯಲ್ಲಿ, ಬೀದಿಯವರಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು.